ಆಲಾಪನೆಯಲ್ಲಿ ಮಾತೇ ಇಲ್ಲ, ಹಾಗಾದರೆ ನಮಗೆ ಅರ್ಥವಾಗುವುದು ಏನು?

ಹಿಂಬೆಂಚಿನ ರಸಿಕ:

ಎಲ್ಲರಿಗೂ ನಮಸ್ಕಾರ. ನಾನು ಹಾಡುವವನಲ್ಲ, ಬರೀ ಕೇಳುವವನು. ಈಚೆಗೆ ಭಾಷೆಯ ತತ್ವಶಾಸ್ತ್ರ ಅಂತ ಸ್ವಲ್ಪ ಓದಲು ಶುರು ಮಾಡಿದ್ದೇನೆ. ಈ ತಲೆನೋವು ಹುಟ್ಟಿದ್ದು ಅಲ್ಲಿಂದಲೇ.

ಅಲ್ಲಿ ಮೊದಲಿಗೇ ಸಿಗುವ ಮಾತು ಹೀಗಿದೆ. ಒಂದು ವಾಕ್ಯ ಅರ್ಥವಾಯಿತು ಅಂದರೆ, ಅದು ಯಾವಾಗ ನಿಜ, ಯಾವಾಗ ಸುಳ್ಳು ಅಂತ ನಿಮಗೆ ಗೊತ್ತು. "ಹೊರಗೆ ಮಳೆ ಬರ್ತಿದೆ" ಅಂದರೆ ಕಿಟಕಿ ತೆಗೆದು ನೋಡಬಹುದು. ಜರ್ಮನಿಯ ತತ್ವಜ್ಞಾನಿ ಫ್ರೆಗೆಯಿಂದ ಹಿಡಿದು ಬಹಳ ಜನ ಇದೇ ದಾರಿಯಲ್ಲಿ ನಡೆದಿದ್ದಾರೆ. ನನಗೂ ಸರಿ ಅನ್ನಿಸಿತು.

ಆದರೆ ಒಂದು ಕಛೇರಿ ನೆನಪು ಮಾಡಿಕೊಳ್ಳಿ. ಒಬ್ಬರು ತೋಡಿ ರಾಗದ ಆಲಾಪನೆ ಮಾಡುತ್ತಾರೆ. ಅರ್ಧ ಗಂಟೆ. "ತ ದ ರಿ ನ" ಬಿಟ್ಟರೆ ಇನ್ನೇನೂ ಇಲ್ಲ. ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಆದರೂ ಒಂದು ಜಾಗಕ್ಕೆ ಬಂದಾಗ ಸಭೆಯಲ್ಲಿ ಹತ್ತಾರು ತಲೆ ಒಟ್ಟಿಗೆ ಆಡುತ್ತವೆ, ಯಾರೋ "ಭೇಷ್" ಅಂತಾರೆ, ಪಕ್ಕದವರು "ಎಂಥಾ ಮಾತು ಹೇಳಿಬಿಟ್ರು ನೋಡಿ" ಅಂತಾರೆ. ಏನು ಹೇಳಿದರು ಅಂತ ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರ ಇಲ್ಲ.

ಹಾಗಾದರೆ ಇದು ಒಂದು ಬಗೆಯ ಭಾಷೆಯಾ? ಅಥವಾ ಭಾಷೆ ಅನ್ನುವುದು ಸುಮ್ನೆ ಹೊಗಳಿಕೆಯ ಮಾತಾ? ಇನ್ನೊಂದು: ನನಗೆ ತೆಲುಗು ಬರಲ್ಲ. ತ್ಯಾಗರಾಜರ ಕೃತಿ ಕೇಳಿ ಕಣ್ಣು ಒದ್ದೆಯಾದರೆ ನಾನು ಅರ್ಥ ಮಾಡಿಕೊಂಡೆ ಅನ್ನಬಹುದಾ?

ಕೊಕ್ಕೆ:

ನೇರವಾಗಿ ಹೇಳ್ತೀನಿ. ಸಂಗೀತ ಭಾಷೆ ಅಲ್ಲ. ಭಾಷೆ ಅನ್ನಿಸಿಕೊಳ್ಳಲು ಕೆಲವು ಕೆಲಸ ಮಾಡಲೇಬೇಕು. ಎದುರಿಗಿಲ್ಲದ ವಸ್ತುವಿನ ಬಗ್ಗೆ ಮಾತಾಡಬೇಕು. ಇಲ್ಲ ಅನ್ನಬೇಕು. "ಬಂದರೆ ಕೊಡ್ತೀನಿ" ಅನ್ನುವಂತೆ ಷರತ್ತು ಹಾಕಬೇಕು. ಕಲ್ಯಾಣಿ ರಾಗದಲ್ಲಿ "ನಾಳೆ ಬರಲ್ಲ" ಅಂತ ಹೇಳಿ ತೋರಿಸಿ ನೋಡೋಣ. ಆಗಲ್ಲ.

ಹಾಗಾದರೆ ಭಾವನೆ ಹೇಳುತ್ತದೆ ಅಂತೀರಾ? ಅದನ್ನೂ ವಿಯೆನ್ನಾದ ವಿಮರ್ಶಕ ಹಾನ್ಸ್‌ಲಿಕ್ 1854ರಲ್ಲೇ ಒಪ್ಪಲಿಲ್ಲ. ಸಂಗೀತದ ಒಳಗಿರುವುದು ಚಲಿಸುವ ನಾದದ ಆಕಾರಗಳು, ಅಷ್ಟೇ. ಕೇಳಿದವರಿಗೆ ಏನೋ ಅನ್ನಿಸುತ್ತದೆ, ಅದು ಅವರ ಪಾಡು. 1959ರಲ್ಲಿ ಇಂಗ್ಲೆಂಡಿನ ಡೆರಿಕ್ ಕುಕ್ ಈ ಸ್ವರಗುಚ್ಛಕ್ಕೆ ಈ ಭಾವ, ಆ ಸ್ವರಗುಚ್ಛಕ್ಕೆ ಆ ಭಾವ ಅಂತ ಒಂದು ನಿಘಂಟನ್ನೇ ಮಾಡಲು ಹೋದರು. ತತ್ವಶಾಸ್ತ್ರದವರು ಅದನ್ನು ಹಿಂಜಿ ಹಾಕಿದರು. ನಮ್ಮಲ್ಲೂ ನಾಟ್ಯಶಾಸ್ತ್ರದಲ್ಲಿ ಅಂಥದೇ ಪಟ್ಟಿ ಇದೆ. ಮಧ್ಯಮ ಪಂಚಮ ಹಾಸ್ಯ ಶೃಂಗಾರಕ್ಕೆ, ಗಾಂಧಾರ ನಿಷಾದ ಕರುಣಕ್ಕೆ, ಹೀಗೆ. ಇವತ್ತು ಯಾವ ವಿದ್ವಾಂಸರು ಅದನ್ನು ನೋಡಿಕೊಂಡು ಹಾಡ್ತಾರೆ ಹೇಳಿ?

ಮುಖಾರಿ ರಾಗ ಅಂದರೆ ಅಳು ಅಂತ ಎಲ್ಲರೂ ಹೇಳುವುದು. ಸಂಗೀತಶಾಸ್ತ್ರದ ಜ್ಞಾನ ಎಷ್ಟು ಸುಖ ಕೊಡುತ್ತದೆ ಅಂತ ತ್ಯಾಗರಾಜರು ಕೃತಿ ಮಾಡಿದ್ದೂ ಮುಖಾರಿಯಲ್ಲೇ. ಅಲ್ಲಿ ಅಳುವುದು ಎಲ್ಲಿಂದ ಬರಬೇಕು?

ಮೇಳಕರ್ತ72:

ಕೊಕ್ಕೆಯವರೇ, ನಿಘಂಟು ಇಲ್ಲ ಅಂದಿರಿ, ಒಪ್ಪಿದೆ. ಆದರೆ ನಿಘಂಟು ಇಲ್ಲದ ಮಾತ್ರಕ್ಕೆ ಅರ್ಥವೇ ಇಲ್ಲ ಅಂತ ಹಾರಿಬಿಟ್ಟರಲ್ಲ, ಅದು ಸರಿಯಲ್ಲ.

ನಾನು ಪಾಠ ಹೇಳುವವನು, ತತ್ವಶಾಸ್ತ್ರ ಓದಿಲ್ಲ. ನನಗೆ ಗೊತ್ತಿರುವ ಒಂದು ಉದಾಹರಣೆ ಕೊಡ್ತೀನಿ. ಆರಭಿ ಮತ್ತು ದೇವಗಾಂಧಾರಿ ಅಂತ ಎರಡು ರಾಗ. ಎರಡಕ್ಕೂ ಆರೋಹಣ ಅವರೋಹಣ ಒಂದೇ. ಹತ್ತುವಾಗ ಸ ರಿ ಮ ಪ ದ ಸ, ಇಳಿಯುವಾಗ ಸ ನಿ ದ ಪ ಮ ಗ ರಿ ಸ. ಸ್ವರಸ್ಥಾನವೂ ಒಂದೇ. ಕಾಗದದಲ್ಲಿ ಬರೆದಿಟ್ಟರೆ ಯಾವುದು ಯಾವುದು ಅಂತ ದೇವರಾಣೆ ಹೇಳಲಾಗುವುದಿಲ್ಲ. ಆದರೆ ಆರಭಿ ಚುರುಕು, ಸ್ವರಗಳು ಗಮಕ (ಸ್ವರವನ್ನು ತೂಗಾಡಿಸುವುದು) ಕಡಿಮೆ ಇಟ್ಟುಕೊಂಡು ನೆಟ್ಟಗೆ ನಿಲ್ಲುತ್ತವೆ. ದೇವಗಾಂಧಾರಿ ನಿಧಾನ, ರಿಷಭದಲ್ಲಿ ತೂಗಾಡುತ್ತದೆ, ಎಳೆದೆಳೆದು ಬರುತ್ತದೆ. ಮಕ್ಕಳು ಆರಭಿಯಲ್ಲಿ ಒಂದು ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಂತು ಅಲ್ಲಾಡಿಸಿದರೆ ಸಾಕು, "ಏಯ್, ಎಲ್ಲಿಗೆ ಹೋದೆ?" ಅಂತ ಕೂಗಬೇಕಾಗುತ್ತದೆ.

ಹಾಗೇ ತೋಡಿಯ ಗಾಂಧಾರ. ಹೆಸರಿಗೆ ಸಾಧಾರಣ ಗಾಂಧಾರ, ಖರಹರಪ್ರಿಯ ರಾಗದ್ದೂ ಅದೇ ಹೆಸರು. ಹಾರ್ಮೋನಿಯಂನಲ್ಲಿ ಆ ಮನೆ ಒತ್ತಿದರೆ ತೋಡಿಯ ಗಾಂಧಾರ ಬರಲ್ಲ. ಅದು ಬರುವುದು ತೋಡಿಯ ಒಳಗೆ, ಹಿಂದೆ ರಿಷಭ ಮುಂದೆ ಮಧ್ಯಮ ಇದ್ದಾಗ.

ಗ್ರಹಭೇದ, ಅಂದರೆ ಆಧಾರ ಷಡ್ಜವನ್ನು ಬೇರೆ ಸ್ವರಕ್ಕೆ ಬದಲಿಸುವುದು, ಗೊತ್ತಲ್ವಾ? ಮೋಹನ ರಾಗದ ಐದು ಸ್ವರ ಇಟ್ಟುಕೊಳ್ಳಿ. ಅದರ ರಿಷಭವನ್ನು ಷಡ್ಜ ಅಂತ ಮಾಡಿದರೆ ಮಧ್ಯಮಾವತಿ. ಗಾಂಧಾರವನ್ನು ಮಾಡಿದರೆ ಹಿಂದೋಳ. ಪಂಚಮವನ್ನು ಮಾಡಿದರೆ ಶುದ್ಧ ಸಾವೇರಿ, ಧೈವತವನ್ನು ಮಾಡಿದರೆ ಶುದ್ಧ ಧನ್ಯಾಸಿ. ಅವೇ ಐದು ಸ್ವರ, ಒಂದೂ ಕದಲಿಲ್ಲ. ಆಧಾರ ಎಲ್ಲಿದೆ ಅನ್ನುವುದು ಬದಲಾದ ಕೂಡಲೇ ಎಲ್ಲವೂ ಬೇರೆ. ಬಿಡಿ ಸ್ವರಕ್ಕೆ ಅರ್ಥ ಇಲ್ಲ ಅಂತ ನಮಗೆ ಯಾರೂ ಪುಸ್ತಕ ಬರೆದು ಹೇಳಬೇಕಾಗಿಲ್ಲ.

ಅರ್ಧರಾತ್ರಿ ಓದು:

ಮೇಷ್ಟ್ರೇ, ನಿಮ್ಮ ಕೊನೆಯ ಸಾಲನ್ನು ಫ್ರೆಗೆ 1884ರಲ್ಲಿ ಪದಗಳ ಬಗ್ಗೆ ಹೇಳಿದ್ದರು. ಪದದ ಅರ್ಥವನ್ನು ಒಂಟಿಯಾಗಿ ಹಿಡಿದು ಕೇಳಬೇಡಿ, ವಾಕ್ಯದ ಒಳಗೆ ಕೇಳಿ ಅಂತ. ಆರಭಿ, ದೇವಗಾಂಧಾರಿ ಉದಾಹರಣೆಯಂತೂ ಇನ್ನೂ ಮುಂದೆ ಹೋಗುತ್ತದೆ. ಅಕ್ಷರ ಒಂದೇ, ಬಳಕೆ ಬೇರೆ, ಹಾಗಾಗಿ ರಾಗ ಬೇರೆ. ತತ್ವಜ್ಞಾನಿ ವಿಟ್ಗೆನ್‌ಸ್ಟೈನ್‌ನನ್ನು ಓದಿದವರು ಇದನ್ನು ಕೇಳಿದರೆ ಕುಣಿದಾಡುತ್ತಾರೆ.

ಮೂಲ ಪ್ರಶ್ನೆಗೆ ಬರ್ತೀನಿ. ರಸಿಕರೇ, ನೀವು ಓದಿರುವುದು ಒಂದು ಪಕ್ಷ. ನಿಜ-ಸುಳ್ಳಿನ ಮೇಲೆ ಅರ್ಥವನ್ನು ನಿಲ್ಲಿಸುವ ಪಕ್ಷ. ಅದರ ಪ್ರಕಾರ ಸಂಗೀತ ಹೊರಗೇ ಉಳಿಯುತ್ತದೆ, ಕೊಕ್ಕೆಯವರು ಗೆಲ್ಲುತ್ತಾರೆ. ಆದರೆ ಭಾಷೆಯ ಬಗ್ಗೆ ಇಪ್ಪತ್ತನೇ ಶತಮಾನದಲ್ಲಿ ಅತಿ ಹೆಚ್ಚು ತಲೆ ಕೆಡಿಸಿದ ಮನುಷ್ಯ ಸಂಗೀತವನ್ನು ಪಕ್ಕಕ್ಕಿಡಲೇ ಇಲ್ಲ.

ವಿಟ್ಗೆನ್‌ಸ್ಟೈನ್ ಹುಟ್ಟಿದ್ದು 1889ರಲ್ಲಿ, ವಿಯೆನ್ನಾದ ದೊಡ್ಡ ಶ್ರೀಮಂತರ ಮನೆಯಲ್ಲಿ. ಸಂಗೀತ ರಚನಕಾರ ಬ್ರಾಮ್ಸ್ ಬಂದುಹೋಗುತ್ತಿದ್ದ ಮನೆ ಅದು. ಅಣ್ಣ ಪಾಲ್ ಪಿಯಾನೋ ವಾದಕ. ಮೊದಲ ಮಹಾಯುದ್ಧದಲ್ಲಿ ಬಲಗೈ ಹೋಯಿತು. ಎಡಗೈಯಲ್ಲೇ ನುಡಿಸಲು ಫ್ರಾನ್ಸಿನ ಸಂಗೀತ ರಚನಕಾರ ರವೆಲ್ ಅವರಿಂದ ಒಂದು ಕಾನ್ಸರ್ಟೊ (ವಾದ್ಯವೃಂದದ ಜೊತೆ ಒಬ್ಬರು ನುಡಿಸುವ ರಚನೆ) ಬರೆಸಿಕೊಂಡು 1932ರಲ್ಲಿ ವಿಯೆನ್ನಾದಲ್ಲಿ ನುಡಿಸಿದ. ತಮ್ಮ ಲುಡ್ವಿಗ್ ದೊಡ್ಡವನಾದ ಮೇಲೆ ಕ್ಲಾರಿನೆಟ್ ಕಲಿತ. ಶಿಳ್ಳೆಯಲ್ಲಿ ಶೂಬರ್ಟ್‌ನ ಹಾಡುಗಳನ್ನು ಚೆನ್ನಾಗಿ ನುಡಿಸುತ್ತಿದ್ದ. ಕೇಂಬ್ರಿಡ್ಜಿಗೆ ಬಂದ ಹೊಸತರಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲಿ ಲಯದ ಬಗ್ಗೆ ಪ್ರಯೋಗಗಳನ್ನೂ ಮಾಡಿದ್ದ. ಇಷ್ಟು ಯಾಕೆ ಹೇಳಿದೆ ಅಂದರೆ, ಅವನು ಸಂಗೀತದ ಉದಾಹರಣೆ ಕೊಟ್ಟಾಗ ಅದು ಅಲಂಕಾರಕ್ಕೆ ಅಲ್ಲ.

1921ರ ಮೊದಲ ಪುಸ್ತಕದಲ್ಲಿ ಗ್ರಾಮಫೋನ್ ತಟ್ಟೆ ಬರುತ್ತದೆ. ತಟ್ಟೆಯ ಗೀರು, ಸಂಗೀತಗಾರನ ಮನಸ್ಸಿನ ಕಲ್ಪನೆ, ಕಾಗದದ ಸ್ವರಲಿಪಿ, ಗಾಳಿಯಲ್ಲಿನ ಶಬ್ದದ ಅಲೆ, ಇವೆಲ್ಲ ನೋಡಲು ಒಂದಕ್ಕೊಂದು ಸಂಬಂಧವಿಲ್ಲ, ಆದರೆ ಎಲ್ಲದರೊಳಗೂ ಒಂದೇ ರಚನೆ ಇದೆ. ಒಂದರಿಂದ ಇನ್ನೊಂದನ್ನು ತೆಗೆಯಬಹುದು. ಭಾಷೆಗೂ ಲೋಕಕ್ಕೂ ಇರುವ ಸಂಬಂಧ ಇದೇ ಅಂತ ಆಗ ಅವನ ವಾದ. ಅಂದರೆ ಭಾಷೆ ಲೋಕದ ಚಿತ್ರ. ಚೆಂದದ ಮಾತು, ಆದರೆ ಮೇಷ್ಟ್ರು ಹೇಳಿದ ದೇವಗಾಂಧಾರಿ ಅದರಲ್ಲಿ ಸಿಕ್ಕುವುದಿಲ್ಲ. ಸ್ವರಲಿಪಿಯಲ್ಲಿ ಆರಭಿಯೂ ಅದೇ ಆಗಿಬಿಡುತ್ತದಲ್ಲ.

ಎರಡನೇ ಪುಸ್ತಕ ಬಂದದ್ದು 1953ರಲ್ಲಿ, ಅವನು ತೀರಿಕೊಂಡು ಎರಡು ವರ್ಷದ ಮೇಲೆ. ಅದರ 527ನೇ ಟಿಪ್ಪಣಿಯಲ್ಲಿ, ಒಂದು ವಾಕ್ಯವನ್ನು ಅರ್ಥ ಮಾಡಿಕೊಳ್ಳುವುದು ಸಂಗೀತದ ಒಂದು ಎಳೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನಾವು ಅಂದುಕೊಂಡದ್ದಕ್ಕಿಂತ ಹತ್ತಿರ ಅನ್ನುತ್ತಾನೆ. ಇಲ್ಲಿ ಗಮನಿಸಿ. ನಾವೆಲ್ಲ ಸಂಗೀತ ಭಾಷೆಯ ಥರ ಇದೆಯಾ ಅಂತ ಕೇಳ್ತೀವಿ. ಅವನು ಅದನ್ನು ತಲೆಕೆಳಗು ಮಾಡಿ, ಭಾಷೆಯೇ ಸಂಗೀತದ ಥರ ಇದೆ ಅಂತಾನೆ. 531ರಲ್ಲಿ ಇನ್ನೂ ಸ್ಪಷ್ಟ. ಒಂದು ವಾಕ್ಯ ಅರ್ಥವಾಯಿತು ಅನ್ನುವುದಕ್ಕೆ ಎರಡು ಬಗೆ. ಅದೇ ವಿಷಯ ಹೇಳುವ ಇನ್ನೊಂದು ವಾಕ್ಯವನ್ನು ಅದರ ಜಾಗದಲ್ಲಿ ಇಡಬಹುದು ಅನ್ನುವುದು ಒಂದು. ಬೇರೆ ಯಾವುದನ್ನೂ ಆ ಜಾಗದಲ್ಲಿ ಇಡಲಾಗದು ಅನ್ನುವುದು ಇನ್ನೊಂದು, ಒಂದು ಎಳೆಯ ಜಾಗದಲ್ಲಿ ಇನ್ನೊಂದು ಎಳೆ ಕೂರದ ಹಾಗೆ. ಮಳೆ ಬರ್ತಿದೆ ಅನ್ನುವುದು ಮೊದಲ ಬಗೆ. ಕವಿತೆಯ ಸಾಲು ಎರಡನೆಯದು. ಎರಡೂ ಸೇರಿಯೇ "ಅರ್ಥವಾಗುವುದು" ಅಂತ ಅವನ ಅಭಿಪ್ರಾಯ, ನನ್ನದೂ ಅದೇ.

ಹಾಗಾಗಿ "ಏನು ಹೇಳಿದರು" ಅಂತ ಕೇಳಿದಾಗ ಉತ್ತರ ಸಿಗದಿದ್ದರೆ ಗಾಬರಿ ಬೇಡ. ಉತ್ತರ ಸಿಗಲೇಬೇಕು ಅನ್ನುವುದು ಮೊದಲ ಬಗೆಯ ನಿಯಮ.

ಕೊಕ್ಕೆ:

ಬದಲಿ ಇಲ್ಲ ಅನ್ನುವುದೇ ಅರ್ಥ ಆಗಿಬಿಟ್ಟರೆ ಮಸಾಲೆ ದೋಸೆಗೂ ಬದಲಿ ಇಲ್ಲ ಸ್ವಾಮಿ. ಅದರ ಅರ್ಥವೂ ನಿಮಗೆ ಆಗಿದೆಯಾ?

ಅರ್ಧರಾತ್ರಿ ಓದು:

ಹ್ಹಹ್ಹ. ಒಳ್ಳೆ ಏಟು. ಆದರೆ ದೋಸೆ ತಿನ್ನುವಾಗ ನೀವು "ಇಲ್ಲಿ ತಪ್ಪಾಯಿತು, ಇದಾದ ಮೇಲೆ ಇದು ಬರಬಾರದಿತ್ತು" ಅನ್ನಲ್ಲ. ಚೆನ್ನಾಗಿದೆ, ಚೆನ್ನಾಗಿಲ್ಲ ಅಂತೀರಿ ಅಷ್ಟೇ. ಸಂಗೀತದಲ್ಲಿ ನಿಜ-ಸುಳ್ಳು ಇಲ್ಲ, ಆದರೆ ಸರಿ-ತಪ್ಪು ಖಂಡಿತ ಇದೆ. ಆರಭಿಯಲ್ಲಿ ಸುಳ್ಳು ಹೇಳಲಾಗದು, ತಪ್ಪು ಹಾಡಬಹುದು. ನನ್ನ ಪ್ರಕಾರ ಇಡೀ ವಿಷಯ ಇರುವುದು ಇದರಲ್ಲೇ.

ಇನ್ನೊಂದು ಸಾಕ್ಷಿ ಪಕ್ಕದಲ್ಲೇ ಕೂತಿರುತ್ತದೆ: ಪಿಟೀಲು ನುಡಿಸುವವರು. ಗಾಯಕರು ಒಂದು ಸಂಚಾರ, ಅಂದರೆ ರಾಗದ ಒಂದು ಓಡಾಟ, ಹಾಡಿ ಬಿಡುತ್ತಾರೆ. ಪಿಟೀಲಿನವರು ಅದರ ಬಾಲ ಹಿಡಿದು ಹಿಂದೆ ಬರುತ್ತಾರೆ. ಆಮೇಲೆ ತಮ್ಮ ಸರದಿಯಲ್ಲಿ ಅದಕ್ಕೆ ಒಪ್ಪುವ, ಆದರೆ ಅದೇ ಅಲ್ಲದ ಒಂದನ್ನು ನುಡಿಸುತ್ತಾರೆ. ಅಲ್ಲೇ ಸ್ವರ ಕಟ್ಟಿ ಹಾಡುವ ಕಲ್ಪನಾಸ್ವರದಲ್ಲಂತೂ ಅಲ್ಲಲ್ಲೇ ಉತ್ತರ ಕೊಡುತ್ತಾರೆ. ಅವರಿಗೆ ಅರ್ಥವಾಗಿದೆ ಅಂತ ನಮಗೆ ಹೇಗೆ ಗೊತ್ತು? ಮುಂದೆ ಅವರು ಏನು ಮಾಡಿದರು ಅನ್ನುವುದರಿಂದ. ಕನ್ನಡ ಬರುತ್ತದೋ ಇಲ್ಲವೋ ಅಂತ ಒಬ್ಬರನ್ನು ಪರೀಕ್ಷೆ ಮಾಡುವುದೂ ಹೀಗೇ ಅಲ್ವಾ? ಅವರ ತಲೆಯೊಳಗೆ ಇಣುಕಿ ನೋಡಲ್ಲ, ಉತ್ತರ ಹೇಗೆ ಕೊಡುತ್ತಾರೆ ಅಂತ ನೋಡ್ತೀವಿ.

ಕಣ್ಣೀರಿನ ಬಗ್ಗೆಯೂ ಒಂದು ಮಾತು. 1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು ಹಿಂದೂಸ್ತಾನಿ ರಾಗಗಳನ್ನು 30 ಜನ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿದರು. ಆ ಸಂಗೀತದ ಪರಿಚಯ ಇಲ್ಲದಿದ್ದರೂ ಸಂತೋಷ, ದುಃಖ, ಕೋಪ ಅವರಿಗೆ ಸಿಕ್ಕಿತು. ಶಾಂತ ಅಷ್ಟಾಗಿ ಸಿಗಲಿಲ್ಲ. ಅಂದರೆ ಭಾವ ಹಿಡಿಯಲು ರಾಗ ಗೊತ್ತಿರಲೇಬೇಕು ಅಂತೇನಿಲ್ಲ. ಲಯದ ಓಟದಲ್ಲಿ, ಸ್ವರದ ಏರಿಳಿತದಲ್ಲೇ ಬಹಳಷ್ಟು ಸಿಗುತ್ತದೆ. ಆದರೆ ಎಲ್ಲಿ ರಾಗ ದಾರಿ ತಪ್ಪಿತು ಅಂತ ಅಂಥ ಕೇಳುಗರನ್ನು ಕೇಳಿದರೆ ಏನು ಹೇಳಿಯಾರು? ಭಾವ ತಟ್ಟುವುದು ಬೇರೆ, ಅರ್ಥವಾಗುವುದು ಬೇರೆ. ಕೊಕ್ಕೆಯವರು ಭಾವದ ನಿಘಂಟನ್ನು ಹರಿದು ಹಾಕಿದ್ದು ಸರಿಯೇ, ಆದರೆ ಅದರಿಂದ ಎರಡನೆಯದಕ್ಕೆ ಏನೂ ಆಗಲಿಲ್ಲ.

ಭಟ್ಟರ ಮೊಮ್ಮಗಳು:

ಎಲ್ಲರೂ ವಿಯೆನ್ನಾಕ್ಕೆ ಹೋಗಿ ಕೂತಿದ್ದೀರಿ. ಸ್ವಲ್ಪ ಕಾಶ್ಮೀರದ ಕಡೆ ಬನ್ನಿ.

ಒಂಬತ್ತನೇ ಶತಮಾನದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ಇದೇ ಜಗಳ ಆಡಿದ್ದಾನೆ. ಅವನ ಎದುರಾಳಿಗಳು ಹೇಳುವುದು: ಪದಕ್ಕೆ ಒಂದು ನೇರ ಅರ್ಥ ಇದೆ, ಬೇಕಾದರೆ ಲಕ್ಷಣೆ ಅಂತ ಇನ್ನೊಂದು (ನೇರ ಅರ್ಥ ಹೊಂದದಾಗ ಹಿಡಿಯುವ ಅರ್ಥ), ಧ್ವನಿ, ಅಂದರೆ ಸೂಚನೆಯಿಂದ ಹೊಳೆಯುವ ಅರ್ಥ, ಅಂತ ನೀನು ಹೇಳುವುದೂ ಇದರದ್ದೇ ವಿಸ್ತರಣೆ, ಹೊಸ ಶಕ್ತಿ ಯಾಕೆ ಬೇಕು? ಅದಕ್ಕೆ ಆನಂದವರ್ಧನ ತಂದ ಸಾಕ್ಷಿಗಳಲ್ಲಿ ಒಂದು ಸಂಗೀತ. ಗೀತದ ನಾದಕ್ಕೆ ವಾಚ್ಯಾರ್ಥ, ಅಂದರೆ ಆ ನೇರ ಅರ್ಥ, ಅನ್ನುವುದೇ ಇಲ್ಲ, ಆದರೂ ಅದರಿಂದ ರಸ ವ್ಯಕ್ತವಾಗುತ್ತದೆ. ಹಾಗಾಗಿ ವ್ಯಕ್ತಪಡಿಸುವ ಶಕ್ತಿ ಬೇರೆ, ಹೇಳುವ ಶಕ್ತಿ ಬೇರೆ. ಎರಡನೆಯದು ಇಲ್ಲದ ಕಡೆಯೂ ಮೊದಲನೆಯದು ಇದೆ. ನೋಡಿ, ಕಾವ್ಯದ ಬಗ್ಗೆ ಬರೆಯುತ್ತಿರುವವನು, ಭಾಷೆಯ ಬಗ್ಗೆ ತನ್ನ ವಾದ ಗೆಲ್ಲಲು ಸಂಗೀತವನ್ನು ಕರೆದು ತಂದ. ಅವನಿಗೆ ಸಂಗೀತ ಭಾಷೆಯ ಬಡ ನೆಂಟ ಅಲ್ಲ.

ಇನ್ನೂ ಹಿಂದೆ ಹೋದರೆ ಸಾಮಗಾನ. ಸಾಮವೇದದಲ್ಲಿ ಋಕ್ಕನ್ನು ಹಾಡುವಾಗ ಮಧ್ಯೆ ಸ್ತೋಭ ಅಂತ ಬರುತ್ತದೆ, "ಹಾವು", "ಔಹೋವಾ" ಅಂಥವು. ಪದವೂ ಅಲ್ಲ, ಧಾತುವೂ ಇಲ್ಲ. ಬಿಟ್ಟು ಹಾಡುವ ಹಾಗೂ ಇಲ್ಲ. ಮಂತ್ರಗಳಿಗೆ ಅರ್ಥವೇ ಇಲ್ಲ ಅಂತ ಕೌತ್ಸ ಎನ್ನುವವನ ಮತ, ಯಾಸ್ಕ ವೇದದ ಪದಗಳ ಅರ್ಥ ಬಿಡಿಸುವ ತನ್ನ ನಿರುಕ್ತದಲ್ಲಿ ಅದನ್ನು ಎತ್ತಿಕೊಂಡು ಉತ್ತರ ಕೊಡುತ್ತಾನೆ. ಕಂಬವನ್ನು ಕುರುಡ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಅಂತ ಒಂದು ಚಾಟಿಯನ್ನೂ ಬೀಸುತ್ತಾನೆ. (ಆಗಿನವರ ಕಾಮೆಂಟುಗಳೂ ನಮ್ಮದಕ್ಕಿಂತ ಮೆತ್ತಗೇನೂ ಇರಲಿಲ್ಲ.)

ನಮ್ಮ ಕಾಲದಲ್ಲಿ ಕೌತ್ಸನ ಪಕ್ಷ ಹಿಡಿದವರು ಡಚ್ ವಿದ್ವಾಂಸ ಫ್ರಿಟ್ಸ್ ಸ್ಟಾಲ್. 1975ರಲ್ಲಿ ಕೇರಳದ ಪಾಂಜಾಳ್‌ನಲ್ಲಿ ನಂಬೂದಿರಿ ಬ್ರಾಹ್ಮಣರು ಮಾಡಿದ ಅಗ್ನಿಚಯನ ಯಜ್ಞವನ್ನು ಚಿತ್ರೀಕರಿಸಿ ದಾಖಲಿಸಿದವರು ಇವರು. ಯಜ್ಞಕ್ಕೂ ಮಂತ್ರಕ್ಕೂ ವ್ಯಾಕರಣ ಇದೆ, ಅರ್ಥ ಇಲ್ಲ, ಆ ಮಟ್ಟಿಗೆ ಅವು ಭಾಷೆಗಿಂತ ಸಂಗೀತಕ್ಕೆ ಹತ್ತಿರ ಅಂತ ಅವರ ವಾದ. ನನಗೆ ಅದು ಅರ್ಧ ಸರಿ ಅನ್ನಿಸುತ್ತದೆ. ವ್ಯಾಕರಣ ಇದೆ ಅನ್ನುವುದು ಸರಿ. ಅರ್ಥ ಇಲ್ಲ ಅನ್ನುವಾಗ ಅವರು ವಾಚ್ಯಾರ್ಥವನ್ನು ಮಾತ್ರ ಅರ್ಥ ಅಂತ ಲೆಕ್ಕ ಹಾಕಿದ್ದಾರೆ. ಆನಂದವರ್ಧನ ಇದ್ದಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ.

ಹಿಂಬೆಂಚಿನ ರಸಿಕ:

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಸರಿ-ತಪ್ಪು ಇದೆ, ನಿಜ-ಸುಳ್ಳು ಇಲ್ಲ ಅನ್ನುವುದು ಹಿಡಿಸಿತು. ಆದರೆ ತೆಲುಗಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆಲಾಪನೆಗೆ ಪದ ಬೇಡ, ಸರಿ. ಕೃತಿಯಲ್ಲಿ ಪದ ಇದೆಯಲ್ಲ. ನನಗೆ ಅದು ಬರೀ ನಾದ. ನಾನು ಕೇಳ್ತಿರುವುದು ಪೂರ್ತಿ ಕೃತಿಯನ್ನಾ, ಅರ್ಧವನ್ನಾ?

ಮೇಳಕರ್ತ72:

ಅರ್ಧ. ಬೇಜಾರು ಮಾಡಿಕೊಳ್ಳಬೇಡಿ, ಇರುವುದನ್ನೇ ಹೇಳ್ತಿದ್ದೀನಿ. ಹಾಡುವವರಲ್ಲೇ ಎಷ್ಟೋ ಜನರ ಪಾಡು ಅದೇ.

ನೆರವಲ್ ಅನ್ನು ನೋಡಿ. ಒಂದೇ ಸಾಲನ್ನು ತೆಗೆದುಕೊಂಡು ತಾಳದ ಅದೇ ಜಾಗದಲ್ಲಿ ಇಟ್ಟು ಬೇರೆ ಬೇರೆ ಸಂಚಾರದಲ್ಲಿ ಹಾಡುತ್ತಾರೆ. "ನೀನೇ ಗತಿ" ಅನ್ನುವ ಥರದ ಸಾಲು ಇದೆ ಅಂದುಕೊಳ್ಳಿ. ಕೆಳಗಿನ ಸ್ಥಾಯಿಯಲ್ಲಿ ಹಾಡಿದರೆ ಸೋತು ಕೂತವನ ಮಾತು. ತಾರಸ್ಥಾಯಿಗೆ ಹೋಗಿ "ನೀನೇ" ಮೇಲೆ ನಿಂತರೆ ಜಗಳ ಆಡುವವನ ಮಾತು, ಇನ್ಯಾರಿದ್ದಾರೆ ಹೇಳು ಅನ್ನುವ ಹಾಗೆ. ಪದ ಅದೇ. ಮಾತಾಡುವಾಗ ದನಿಯಿಂದ ನಾವು ಮಾಡುವ ಕೆಲಸವನ್ನೇ ಇಲ್ಲಿ ರಾಗ ಮಾಡುತ್ತದೆ, ಇನ್ನೂ ಜಾಸ್ತಿ ಮಾಡುತ್ತದೆ. ಪದ ಗೊತ್ತಿಲ್ಲದವರಿಗೆ ಸಂಚಾರ ಸಿಗುತ್ತದೆ, ಆ ಸಂಚಾರ ಪದಕ್ಕೆ ಏನು ಮಾಡಿತು ಅನ್ನುವುದು ಸಿಗಲ್ಲ. ಪದವನ್ನು ಎಲ್ಲೆಂದರಲ್ಲಿ ಒಡೆದು ಹಾಡಿದರೆ ತೆಲುಗಿನವರು ಮುಖ ಕಿವುಚುವುದೂ ಇದಕ್ಕೇ.

ವೀಣೆಯಲ್ಲಿ ದೇವರನಾಮ ನುಡಿಸಿದಾಗ ನಮ್ಮ ಜನ ಮನಸ್ಸಿನಲ್ಲೇ ಸಾಹಿತ್ಯ ಹೇಳಿಕೊಳ್ಳುತ್ತಿರುತ್ತಾರೆ. ಅದು ಪದವಿಲ್ಲದ ಸಂಗೀತ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ನಿಜವಾದ ಪರೀಕ್ಷೆ ಆಲಾಪನೆ, ತಾನಗಳಲ್ಲಿ.

ಖಾಲಿ ಘಟ:

ತಡವಾಗಿ ಬಂದೆ. ಯಾರೂ ತಾಳವಾದ್ಯದ ಸುದ್ದಿ ಎತ್ತಲಿಲ್ಲ, ಯಾವಾಗಲೂ ಇದೇ ಕಥೆ.

ಕೊಕ್ಕೆಯವರೇ, ವಾದ್ಯ "ನಾಳೆ ಬರಲ್ಲ" ಅಂತ ಹೇಳಲಾಗದು ಅಂದಿರಲ್ಲ. ನೈಜೀರಿಯಾದ ಯೊರುಬಾ ಜನರ ಡುಂಡುನ್ ಎಂಬ ಡೋಲು ಹೇಳುತ್ತದೆ. ಯೊರುಬಾದಲ್ಲಿ ದನಿಯ ಮೇಲು, ನಡು, ಕೆಳಗು ಅನ್ನುವ ಮಟ್ಟ ಬದಲಾದರೆ ಪದವೇ ಬದಲಾಗುತ್ತದೆ. ಡೋಲಿನ ಹುರಿಗಳನ್ನು ಹಿಂಡಿ ಬಿಟ್ಟು ಆ ಮಟ್ಟಗಳನ್ನು ತರುತ್ತಾರೆ, ಕೇಳುವವರು ಹೊಗಳಿಕೆ, ಗಾದೆ ಎಲ್ಲವನ್ನೂ ಹಿಡಿಯುತ್ತಾರೆ. ಕ್ಯಾನರಿ ದ್ವೀಪಗಳಲ್ಲಿ ಲಾ ಗೊಮೆರಾ ಅಂತ ಇದೆ, ಅಲ್ಲಿ ಸ್ಪ್ಯಾನಿಷ್ ಭಾಷೆಯನ್ನೇ ಶಿಳ್ಳೆಯಲ್ಲಿ ಮಾತಾಡುತ್ತಾರೆ, ಕಣಿವೆಯ ಈಚೆಯಿಂದ ಆಚೆಗೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

ಆದರೆ ಇದು ನಿಮ್ಮ ವಾದಕ್ಕೇ ಸಹಾಯ ಮಾಡುತ್ತದೆ, ಗೊತ್ತು. ಅಲ್ಲಿ ಡೋಲು ಮಾತಾಡುವುದು ಯೊರುಬಾವನ್ನು. ಶಿಳ್ಳೆ ಮಾತಾಡುವುದು ಸ್ಪ್ಯಾನಿಷನ್ನು. ಭಾಷೆ ಬಾಯಿ ಬಿಟ್ಟು ಇನ್ನೊಂದು ಕಡೆಯಿಂದ ಬರುತ್ತಿದೆ, ಅಷ್ಟೇ.

ತಾಳವಾದ್ಯದ ಅಕ್ಷರಗಳನ್ನು ಬಾಯಲ್ಲಿ ಹೇಳುವ ನಮ್ಮ ಕೊನ್ನಕ್ಕೋಲು ಸರಿಯಾಗಿ ಉಲ್ಟಾ. ಬಾಯಿಂದಲೇ ಬರುತ್ತದೆ, ಅಕ್ಷರಗಳೇ, ತ ಕ ಧಿ ಮಿ, ಉಚ್ಚಾರಣೆ ಸ್ವಲ್ಪ ಕೆಟ್ಟರೂ ಗುರುಗಳು ಬಿಡಲ್ಲ. ಆದರೆ ಯಾವ ಭಾಷೆಯದ್ದೂ ಅಲ್ಲ. ಅಷ್ಟಾದರೂ ಅದರಲ್ಲಿ ಪ್ರಶ್ನೆ ಇದೆ, ಉತ್ತರ ಇದೆ. ತನಿಯಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮೃದಂಗದವರು ಒಂದು ಹಾಕುತ್ತಾರೆ, ಘಟದವರು ಅದನ್ನು ಕೇಳಿಸಿಕೊಂಡು ತಿರುಗಿ ಕೊಡಬೇಕು, ಆಮೇಲೆ ಎರಡು ಆವರ್ತ, ಒಂದು, ಅರ್ಧ ಅಂತ ಕಿರಿದಾಗುತ್ತಾ ಹೋಗುತ್ತದೆ. ಕೊನೆಗೆ ಕೋರ್ವೆ, ಅಂದರೆ ಮೂರು ಸಲ ನುಡಿಸಿ ಮುಗಿಸುವ ಲೆಕ್ಕದ ಜೋಡಣೆ. ಅದರ ಮೂರನೇ ಸಲ ಬರುವ ಹೊತ್ತಿಗೆ, ಲೆಕ್ಕ ಗೊತ್ತಿಲ್ಲದವರೂ ಎಲ್ಲಿ ಬಂದು ಬೀಳುತ್ತದೆ ಅಂತ ಕಾಯುತ್ತಿರುತ್ತಾರೆ. ಸಮಕ್ಕೆ (ತಾಳದ ಮೊದಲ ಏಟಿಗೆ) ಬಾರದೆ ಅರ್ಧ ಅಕ್ಷರ ಆಚೆ ಬಿದ್ದರೆ ಇಡೀ ಸಭೆಗೆ ಗೊತ್ತಾಗುತ್ತದೆ.

ಕೊಕ್ಕೆ:

ಇಡೀ ಸಭೆಗೆ ಅಂತ ಹೇಳಬೇಡಿ. ತನಿ ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಎದ್ದು ಹೋಗಿರುತ್ತದೆ.

ಸರಿ-ತಪ್ಪಿನ ಮಾತು ಒಪ್ಪುತ್ತೇನೆ, ಆದರೆ ಅಷ್ಟಕ್ಕೆ ಅದನ್ನು ಅರ್ಥ ಅಂತ ಕರೆಯಲು ನನ್ನ ಮನಸ್ಸು ಬರ್ತಿಲ್ಲ. ಚದುರಂಗದಲ್ಲೂ ಸರಿ-ತಪ್ಪು ಇದೆ, ಎದುರಿನವರು ಉತ್ತರ ಕೊಡುತ್ತಾರೆ. ಕುದುರೆಯ ನಡೆಗೆ ಅರ್ಥ ಇದೆ ಅಂತೀರಾ?

ಅರ್ಧರಾತ್ರಿ ಓದು:

ಅಂತೀನಿ. ಭಾಷಾವಿಜ್ಞಾನಿ ಸೊಸ್ಯೂರ್ ಭಾಷೆಯ ಬಗ್ಗೆ ಮಾತಾಡುವಾಗ ಚದುರಂಗವನ್ನೇ ಹಿಡಿದರು, ವಿಟ್ಗೆನ್‌ಸ್ಟೈನ್ ಕೂಡ ಮತ್ತೆ ಮತ್ತೆ ಅಲ್ಲಿಗೇ ಬರುತ್ತಾನೆ. ಆದರೆ ಚದುರಂಗಕ್ಕೂ ಆಲಾಪನೆಗೂ ಒಂದು ವ್ಯತ್ಯಾಸ ಇದೆ, ಚದುರಂಗದಲ್ಲಿ ಗೆಲುವು ಅಂತ ಒಂದು ಕೊನೆ ಇದೆ, ನಡೆ ಒಳ್ಳೆಯದಾ ಅಂತ ಅದರಿಂದ ಅಳೆಯಬಹುದು. ಆಲಾಪನೆಯಲ್ಲಿ ಯಾವುದರಿಂದ ಅಳೆಯುವುದು ಅನ್ನುವುದು ಬೇರೆಯದೇ ಪ್ರಶ್ನೆ, ನಾಳೆ ಹೊಸ ಚರ್ಚೆ ಶುರು ಮಾಡ್ತೀನಿ. ಮೇಷ್ಟ್ರು ಅಲ್ಲಿಗೂ ಬರಬೇಕು, ಆರಭಿ ಜೊತೆ ದರ್ಬಾರು, ನಾಯಕಿ ರಾಗಗಳೆರಡನ್ನೂ ಇಟ್ಟು ಇನ್ನೊಂದು ಸಲ ಬಿಡಿಸಿ ಹೇಳಿ.